ಚೋಮನ ಗದ್ದೆ: ಆರು ಸಾಲಿಗೆ ವ್ಯಾಖ್ಯಾನ

‘ಚೋಮನ ದುಡಿ’ ಚಿತ್ರ ನೋಡುವ ಮೊದಲು ಕಾಲೇಜು ಮಕ್ಕಳು ಓದಿಕೊಳ್ಳಲಿ ಎಂದು ಆರು ಸಾಲು ಬರೆದುಕೊಟ್ಟಿದ್ದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮಕ್ಕಳಿಗೆ ಶಿವರಾಮ ಕಾರಂತರೆಂದರೆ ಕಾದಂಬರಿ, ಯಕ್ಷಗಾನ, ಕೋಟದ ಥೀಮ್ ಪಾರ್ಕ್. ಅವರು ಸಿನಿಮಾ ಮಾಡಿದವರು, ಅದೂ ಜಾತಿಯ ಅನ್ಯಾಯವನ್ನು ತೋರಿಸಲು ಮಾಡಿದವರು ಎಂಬುದು ಊರಿನಲ್ಲೇ ಮರೆತುಹೋಗಿದೆ. ಆರು ಸಾಲಿನಲ್ಲಿ ಹಿಡಿಯದೆ ಹೋದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

1. ಕೋಟದ ಮಾಣಿ ಮಾತಿಲ್ಲದ ಚಿತ್ರದಲ್ಲಿ ಮುಟ್ಟಾಳಿನ ಕಥೆ ಹೇಳಿದ.

‘ಮುಟ್ಟಾಳು’ ಎಂದರೆ ಇಲ್ಲಿ ಮುಟ್ಟಿಸಿಕೊಳ್ಳದ ಆಳು ಎಂದಷ್ಟೇ ಇಟ್ಟುಕೊಳ್ಳಿ. ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದ ಬ್ರಾಹ್ಮಣ ಮನೆಯಲ್ಲಿ. ಕೋಟ ಈಗ ಬ್ರಹ್ಮಾವರ ತಾಲೂಕಿಗೆ ಸೇರಿದೆ. ಆಗ ಅದು ಮದರಾಸು ಪ್ರಾಂತ್ಯದ ಊರು. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಹುಡುಗ 1930ರಲ್ಲಿ ‘ಡೊಮಿಂಗೊ’ ಎಂಬ ಮೂಕಿ ಚಿತ್ರ ಮಾಡಿದ. ವಿಷಯ ಅಸ್ಪೃಶ್ಯತೆ. ಬೆನ್ನಿಗೇ ‘ಭೂತರಾಜ್ಯ’ ಬಂತು. ಕಾಲದ ಲೆಕ್ಕ ನೋಡಿ: ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅಸ್ಪೃಶ್ಯತೆಯ ಚಿತ್ರ ಎಂದೊಡನೆ ಎಲ್ಲರೂ ನೆನೆಯುವ ಬಾಂಬೆ ಟಾಕೀಸಿನ ‘ಅಛೂತ್ ಕನ್ಯಾ’ ಬಂದದ್ದು 1936ರಲ್ಲಿ. ಇವೆರಡಕ್ಕೂ ಮೊದಲೇ ನಮ್ಮ ಕಡೆಯವರೊಬ್ಬರು ಈ ವಿಷಯಕ್ಕೆ ಕೈಹಾಕಿದ್ದರು. ಚಿತ್ರರಂಗದ ಚರಿತ್ರೆ ಬರೆಯುವಾಗ ಇದಕ್ಕೆ ಒಂದು ಪುಟವನ್ನಾದರೂ ಮೀಸಲಿಡಬೇಕು ಎಂದೇ ನನ್ನ ಹಟ.

2. ಆ ಸುರುಳಿ ಈಗ ನೋಡಲು ಸಿಗುವುದಿಲ್ಲ.

ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಆಗಿನ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುತ್ತಿತ್ತು, ಕೂಡಿಟ್ಟರೂ ಕೆಡುತ್ತಿತ್ತು. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದವನ ಮಗ ಆಸ್ಕರ್ ಮಿಶೋ 1920ರಲ್ಲಿ ಕಪ್ಪು ಜನರ ಮೇಲಿನ ದೌರ್ಜನ್ಯದ ಬಗ್ಗೆ ‘ವಿದಿನ್ ಅವರ್ ಗೇಟ್ಸ್’ ಎಂಬ ಮೂಕಿ ಚಿತ್ರ ಮಾಡಿದ್ದ. ಅದೂ ಕಳೆದೇ ಹೋಯಿತು ಎಂದುಕೊಂಡಿದ್ದರು. ದಶಕಗಳ ನಂತರ ಒಂದು ಪ್ರತಿ ಸ್ಪೇನಿನಲ್ಲಿ ಸಿಕ್ಕಿತು. ಹಾಗಾಗಿ ಹಳೆಯ ಮನೆಯ ಅಟ್ಟ ಗುಡಿಸುವವರು ತುಕ್ಕು ಹಿಡಿದ ಡಬ್ಬಿ ಕಂಡರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ ಎಂದು ಬೇಡಿಕೊಳ್ಳುತ್ತೇನೆ.

3. ಚೋಮ ಕೇಳಿದ್ದು ಒಂದು ತುಂಡು ಗದ್ದೆ.

ಆರರಲ್ಲಿ ಮುಖ್ಯವಾದ ಸಾಲು ಇದೇ. ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಕುಂದಾಪುರಕ್ಕೂ ಬಂದರು. ದೇವಸ್ಥಾನ, ಬಾವಿ, ಶಾಲೆ, ಶುಚಿತ್ವ – ಸುಧಾರಕರ ಮಾತೆಲ್ಲ ಆಗ ಇವುಗಳ ಸುತ್ತಲೇ ಇತ್ತು. ಕಾರಂತರ ಚೋಮನಿಗೆ ಬೇಕಾದದ್ದು ಬೇರೆ. ಕಾಡಿನಲ್ಲಿ ಸಿಕ್ಕಿದ ಎರಡು ಕರುಗಳನ್ನು ಸಾಕಿ ಎತ್ತು ಮಾಡಿದ್ದಾನೆ, ಉಳಲು ನೆಲವಿಲ್ಲ. ಧಣಿಯ ಮನೆಗೆ ಕಟ್ಟುಬಿದ್ದ ಮೂಲದಾಳು ಸ್ವಂತ ಬೇಸಾಯ ಮಾಡುವುದುಂಟೇ? ಧಣಿ ಸಂಕಪ್ಪಯ್ಯನ ಮನಸ್ಸು ಒಂದಿಷ್ಟು ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತನಾಗುತ್ತಾನೆ, ಮಗಳು ಬೆಳ್ಳಿ ತೋಟದ ಮನ್ವೇಲನ ಕೈಗೆ ಸಿಕ್ಕುತ್ತಾಳೆ. ಕಿರಿಯ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ; ಮುಟ್ಟಬಾರದವನ ಮಗನನ್ನು ಎತ್ತಲು ಕೈ ಮುಂದೆ ಬರುವುದಿಲ್ಲ. ಜಾತಿ ಬಿಟ್ಟರೆ ಗದ್ದೆ ಸಿಕ್ಕೀತು ಎಂದು ಇಗರ್ಜಿಯ ದಾರಿ ಹಿಡಿದ ಚೋಮ ತನ್ನ ದೈವ ಪಂಜುರ್ಲಿಯ ನೆನಪಾಗಿ ಹಿಂತಿರುಗುತ್ತಾನೆ.

ಬಿ.ವಿ. ಕಾರಂತರ ನಿರ್ದೇಶನದಲ್ಲಿ ಇದು ಚಿತ್ರವಾದದ್ದು 1975ರಲ್ಲಿ. ಸ್ವರ್ಣ ಕಮಲ ಬಂತು, ಚೋಮನಾದ ಎಂ.ವಿ. ವಾಸುದೇವ ರಾಯರು ಶ್ರೇಷ್ಠ ನಟರಾದರು. ಅದೇ ವರ್ಷ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಶಿವರಾಮ ಕಾರಂತರು ಪದ್ಮಭೂಷಣ ಹಿಂತಿರುಗಿಸಿದರು. ಅದರ ಹಿಂದಿನ ವರ್ಷ, 1974ರಲ್ಲಿ, ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿತ್ತು. ಗೇಣಿ ಒಕ್ಕಲು ಡಿಕ್ಲರೇಷನ್ ಎಂಬ ಅರ್ಜಿ ಹಾಕಿ ಭೂಮಿಯ ಒಡೆಯನಾದ. ನಮ್ಮ ಕರಾವಳಿಯಲ್ಲಿ ಈಗಲೂ ‘ಡಿಕ್ಲರೇಷನ್ ಜಾಗ’ ಎಂದೇ ಹೇಳುತ್ತಾರೆ. ಚೋಮನ ಹೆಸರಲ್ಲಿ ಗೇಣಿಯೇ ಇರಲಿಲ್ಲ. ಗೇಣಿ ಚೀಟಿ ಇಲ್ಲದವನು ಯಾವ ನೆಲಕ್ಕೆಂದು ಅರ್ಜಿ ಹಾಕುವುದು? ಉಳುವವನೇ ಒಡೆಯನಾದ ಕಾಲದಲ್ಲೂ ಉಳಲು ಬಿಡದವನು ಹೊರಗೇ ಉಳಿದ. ಕಾರಂತರು ನಲವತ್ತು ವರ್ಷ ಮೊದಲೇ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದರು.

4. ಬಾಯಿ ಬಿಡಲಾರದ್ದನ್ನು ದುಡಿಯಲ್ಲಿ ಬಾರಿಸಿದ.

ಸಿಟ್ಟಿಗೆ, ದುಃಖಕ್ಕೆ, ಹಟಕ್ಕೆ ಚೋಮನಿಗಿರುವುದು ದುಡಿ ಒಂದೇ. ಧಣಿಯೆದುರು ಬಾಗಿ ನಿಲ್ಲುವ ದೇಹ ಗುಡಿಸಲಿಗೆ ಬಂದು ದುಡಿ ಹಿಡಿದಾಗ ನೆಟ್ಟಗಾಗುತ್ತದೆ. ವಾಸುದೇವ ರಾಯರ ಭುಜವನ್ನೂ ಕತ್ತನ್ನೂ ಗಮನಿಸಿ ನೋಡಿ. ಆದರೆ ಒಂದು ಮಾತು ಹೇಳಲೇಬೇಕು. ಮಿಶೋ ತನ್ನವರ ಕಥೆ ತಾನೇ ಹೇಳಿದ. ಚೋಮನ ಕಥೆ ಹೇಳಿದವರು ಮುಟ್ಟಿಸಿಕೊಳ್ಳುವ ಜಾತಿಯವರು. ಚೋಮ ಎತ್ತುಗಳನ್ನು ಹೊಡೆದಟ್ಟಿ, ದುಡಿ ಬಾರಿಸುತ್ತಲೇ ಸಾಯುತ್ತಾನೆ. ಎದುರು ನಿಂತು ಜಗಳಕ್ಕಿಳಿಯುವ ಚೋಮನನ್ನು ಕಾರಂತರಿಗೆ ಕಾಣಲಾಗಲಿಲ್ಲ. ಆ ಚೋಮನನ್ನು ಕಾಣಲು 70ರ ದಶಕದ ದಲಿತ ಸಂಘಟನೆ, ದಲಿತ ಸಾಹಿತ್ಯ ಬರಬೇಕಾಯಿತು. ಇದರಿಂದ ಕಾರಂತರು ನನ್ನ ಕಣ್ಣಿಗೆ ಸಣ್ಣವರಾಗುವುದಿಲ್ಲ. 1936ರಲ್ಲೇ ಬಂಟ ಸಮುದಾಯದ ಲೀಲಾ ಆಳ್ವರನ್ನು ಮದುವೆಯಾಗಿ ಜಾತಿಯ ಗೆರೆಯನ್ನು ಸ್ವಂತ ಮನೆಯಲ್ಲೇ ಅಳಿಸಿದವರು ಅವರು.

5. ಎಪ್ಪತ್ತು ದಾಟಿದ ಮೇಲೆ ಮತ್ತೆ ಕ್ಯಾಮೆರಾ ಹಿಂದೆ ನಿಂತ.

‘ಕುಡಿಯರ ಕೂಸು’ ಕಾದಂಬರಿಯನ್ನು ಅವರೇ ‘ಮಲೆಯ ಮಕ್ಕಳು’ ಎಂದು ಚಿತ್ರ ಮಾಡಿದರು. ಘಟ್ಟದ ಮಲೆಕುಡಿಯರ ಬದುಕು ಅದರ ವಸ್ತು. ‘ಚೋಮನ ದುಡಿ’ಗೆ ಬಂದ ಹೆಸರು ಇದಕ್ಕೆ ಬರಲಿಲ್ಲ.

6. ಕೋಟತಟ್ಟಿನಲ್ಲಿ ಇಂದೂ ಡೋಲು ಇದೆ, ಗದ್ದೆ ಇಲ್ಲ.

ಇದು ಚೋಮನಂತೆಯೇ ಇಂದೂ ನೆಲ ಕೇಳುತ್ತಿರುವ ಕೊರಗರ ಮಾತು. ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಈ ಸಮುದಾಯದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ನಮ್ಮ ಕರಾವಳಿಯಲ್ಲೇ ಇತ್ತು. ಅದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. 2021ರ ಡಿಸೆಂಬರ್ 27ರ ರಾತ್ರಿ ಕೋಟದ ಪಕ್ಕದ ಕೋಟತಟ್ಟಿನ ಕೊರಗ ಕಾಲೊನಿಯಲ್ಲಿ ಮದುವೆಯ ಮೆಹೆಂದಿ ನಡೆಯುತ್ತಿದ್ದಾಗ ಪೊಲೀಸರು ನುಗ್ಗಿ ಲಾಠಿ ಬೀಸಿದರು ಎಂಬ ದೂರು ರಾಜ್ಯವಿಡೀ ಸುದ್ದಿಯಾಯಿತು. ಎಸ್‌ಐ ಅಮಾನತಾದರು, ಗೃಹಸಚಿವರೇ ಕಾಲೊನಿಗೆ ಬಂದರು, ತನಿಖೆ ಸಿಐಡಿಗೆ ಹೋಯಿತು. ಕಾರಂತರ ಹೆಸರಿನ ಥೀಮ್ ಪಾರ್ಕ್ ಇರುವುದೂ ಕೋಟತಟ್ಟಿನಲ್ಲೇ. ಅಲ್ಲಿ ಮಕ್ಕಳನ್ನು ಕರೆದುಕೊಂಡು ಬರುವ ಮೇಷ್ಟ್ರುಗಳು ಈ ಕಾಲೊನಿಯ ಕಥೆಯನ್ನೂ ಹೇಳಬೇಕು.

ಭೂಮಿಗಾಗಿ 1993ರಲ್ಲಿ ನಡೆಸಿದ ಹೋರಾಟದ ನೆನಪಿಗೆ ಕೊರಗರು ಪ್ರತಿ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಅಲ್ಲಿ ಡೋಲೂ ಇರುತ್ತದೆ, ಭಾಷಣವೂ ಇರುತ್ತದೆ, ಮಾತಾಡುವವರು ಕೊರಗರೇ. ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಿ ಎಂದು ಕೊರಗರ ಸ್ಥಿತಿಗತಿ ಕುರಿತ ಮೊಹಮ್ಮದ್ ಪೀರ್ ವರದಿ ಶಿಫಾರಸು ಮಾಡಿತ್ತು. ಅದನ್ನು ಜಾರಿ ಮಾಡಿ ಎಂಬುದೇ ಅವರ ಬೇಡಿಕೆ.