ರ‍್ಯಾಮ್ ಹಾಕಿಸುವ ಮೊದಲು

ಬ್ಯಾಕಪ್‌ನಿಂದ ದೊಡ್ಡ ಟೇಬಲ್ ರಿಸ್ಟೋರ್ ಮಾಡುವಾಗ ಸರ್ವರ್ ಕುಸಿದರೆ ಮೊದಲು ಕೇಳುವ ಮಾತು ‘ರ‍್ಯಾಮ್ ಸಾಲಂಗಿಲ್ಲ, ಇನ್ನೊಂದಿಷ್ಟು ಹಾಕಿಸ್ರಿ’ ಎಂಬುದು. ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಮೆಮೊರಿ ತುಂಬಲು ಎಷ್ಟೋ ಸಲ ಕಾರಣ ಡೇಟಾದ ಗಾತ್ರವಲ್ಲ, ಕೆಲಸದ ಕ್ರಮ.

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಚೀಲ ಇಳಿಯುವುದನ್ನು ನೆನೆಯಿರಿ. ಒಂದೊಂದು ಚೀಲಕ್ಕೂ ‘ಇದರ ಲೆಕ್ಕ ಆಮೇಲೆ ನೋಡಬೇಕು’ ಎಂದು ಚೀಟಿ ಬರೆದು, ಕೊನೆಯ ಚೀಲ ಇಳಿಯುವ ತನಕ ಅಷ್ಟನ್ನೂ ಕೈಯಲ್ಲೇ ಹಿಡಿದು ನಿಂತರೆ ಹೇಗೆ? ಫಾರಿನ್ ಕೀ (ಇನ್ನೊಂದು ಟೇಬಲ್ಲಿನಲ್ಲಿರುವ ಸಂಕೇತವನ್ನೇ ಬಳಸಬೇಕೆಂಬ ಕಟ್ಟಳೆ) ಇರುವ ಟೇಬಲ್‌ಗೆ ಡೇಟಾ ಮಾತ್ರ ತುಂಬುವಾಗ ಆಗುವುದು ಇದೇ. ಪ್ರತಿ ಸಾಲಿಗೂ ಒಂದು ತಪಾಸಣೆ ಮೆಮೊರಿಯಲ್ಲಿ ಸರದಿ ಕಾಯುತ್ತದೆ. ಕೋಟಿ ಸಾಲಿಗೆ ಕೋಟಿ ಚೀಟಿ. ಕಡೆಗೆ ಮೆಮೊರಿ ತುಂಬಿದರೆ ಲಿನಕ್ಸ್ ಡೇಟಾ ತುಂಬುವ ಪ್ರೊಸೆಸನ್ನೇ ಕೊಲ್ಲುತ್ತದೆ. ಲಾಗ್‌ನಲ್ಲಿ ‘ಸಿಗ್ನಲ್ 9’ ಎಂದು ಬರುತ್ತದೆ, ಉಳಿದ ಬಳಕೆದಾರರ ಸಂಪರ್ಕವೂ ಕಡಿಯುತ್ತದೆ.

ಪೂರ್ತಿ ಬ್ಯಾಕಪ್ ತರುವಾಗ ಮೊದಲು ಟೇಬಲ್, ಆಮೇಲೆ ಡೇಟಾ, ಕಡೆಗೆ ಇಂಡೆಕ್ಸ್ ಮತ್ತು ಫಾರಿನ್ ಕೀ ಎಂಬ ಕ್ರಮವನ್ನು ಪೋಸ್ಟ್‌ಗ್ರೆಸ್‌ನ ರಿಸ್ಟೋರ್ ಸಾಧನ ಪಿಜಿ ರಿಸ್ಟೋರ್ ತಾನೇ ಪಾಲಿಸುತ್ತದೆ. ಇದು ಅದರ ದೊಡ್ಡ ಗುಣ. ಇರುವ ಟೇಬಲ್‌ಗೆ ಬರೀ ಡೇಟಾ ತುಂಬಲು ಹೊರಟಾಗ ಆ ಕ್ರಮ ನಮ್ಮ ಹೊಣೆ.

ಇನ್ನೊಂದು ತಪ್ಪು ಅವಸರದ್ದು. ಇಂಡೆಕ್ಸ್ ಕಟ್ಟುವಂಥ ಕೆಲಸಕ್ಕೆ ಮೆಮೊರಿಯ ಮಿತಿ ಇಡುವ ‘ಮೇಂಟೆನೆನ್ಸ್ ವರ್ಕ್ ಮೆಮ್’ ಮೂಲದಲ್ಲಿ 64 ಎಂಬಿ. ಅದನ್ನು 2 ಜಿಬಿಗೆ ಏರಿಸಿ 4 ಜಾಬ್‌ಗಳನ್ನು ಒಟ್ಟಿಗೆ ಓಡಿಸಿದರೆ, ಇಂಡೆಕ್ಸ್ ಕಟ್ಟುವಾಗ ಬೇಡಿಕೆ 8 ಜಿಬಿವರೆಗೂ ಹೋಗಬಹುದು. ಆ ಮಿತಿ ಇಡೀ ಸರ್ವರ್‌ಗಲ್ಲ, ಒಂದೊಂದು ಜಾಬ್‌ಗೆ.

ಫಾರಿನ್ ಕೀ ತೊಡಕಿಗೆ ‘ಡಿಸೇಬಲ್ ಟ್ರಿಗರ್ಸ್’ ಎಂಬ ಸುಲಭದ ದಾರಿಯೂ ಇದೆ. ಮೆಮೊರಿ ಉಳಿಯುತ್ತದೆ, ಆದರೆ ತಪಾಸಣೆಯೇ ನಡೆಯುವುದಿಲ್ಲ. ಉದಾಹರಣೆಗೆ, ಕಮಲಾಪುರ ಮೊದಲು ಕಲಬುರಗಿ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ವಿಂಗಡಣೆಗೆ ಮುಂಚಿನ ಬ್ಯಾಕಪ್ಪಿನಿಂದ ತಾಲ್ಲೂಕು-ಊರು ಎರಡರ ಸಂಕೇತವನ್ನೂ ಜೋಡಿಯಾಗಿ ತಾಳೆ ನೋಡುವ ಫಾರಿನ್ ಕೀ ಇರುವ ಜಮೀನಿನ ದಾಖಲೆಯ ಟೇಬಲ್ಲೊಂದನ್ನು ಹೀಗೆ ತಂದೆವೆನ್ನಿ: ಕಮಲಾಪುರದ ಊರುಗಳು ಹಳೆಯ ತಾಲ್ಲೂಕಿನ ಸಂಕೇತ ಹೊತ್ತೇ ಒಳಬರುತ್ತವೆ, ತಡೆಯುವವರು ಯಾರೂ ಇರುವುದಿಲ್ಲ.

ಫಾರಿನ್ ಕೀ ತೆಗೆದು, ಡೇಟಾ ತುಂಬಿ, ಮತ್ತೆ ಸೇರಿಸುವ ದಾರಿಯೇ ನನ್ನ ಆಯ್ಕೆ. ಆಗ ತಪಾಸಣೆ ಒಂದೇ ಸಲಕ್ಕೆ ನಡೆಯುತ್ತದೆ. ತಾಳೆಯಾಗದ ಸಾಲು ಕಂಡರೆ ಪೋಸ್ಟ್‌ಗ್ರೆಸ್ ಅದರ ಸಂಕೇತ ತೋರಿಸಿ ಅಲ್ಲೇ ನಿಲ್ಲುತ್ತದೆ. ಸಮಯ ಹಿಡಿಯುತ್ತದೆ, ನಿಜ. ಆದರೆ ಆ ತಪ್ಪು ಕಮಲಾಪುರದ ರೈತ ಬೆಳೆಸಾಲಕ್ಕೆಂದು ಪಹಣಿ ತೆಗೆಸಲು ಬಂದಾಗ ಬಯಲಾಗುವುದಕ್ಕಿಂತ, ರಿಸ್ಟೋರ್ ಮಾಡುವವರ ಪರದೆಯ ಮೇಲೆ ಕಾಣುವುದೇ ಲೇಸು.