ಪರಿಸರಜಾಲದ ಅನುಕರಣವೂ ಕಾರಕವಿಚಾರವೂ

ಅಮೆರಿಕದ ಅಯೋವ ಪ್ರಾಂತದಲ್ಲಿ ಕೋನ್ ಸ್ಪ್ರಿಂಗ್ ಎಂಬ ಒಂದು ಸಣ್ಣ ಚಿಲುಮೆಯುಂಟು. ಅದರ ನೀರಿನಲ್ಲಿ ಬಾಳುವ ಜೀವಿಗಳೊಳಗೆ ಆಹಾರಶಕ್ತಿಯು ಒಂದರಿಂದೊಂದಕ್ಕೆ ಸಾಗುವ ಬಗೆಯನ್ನು ಟಿಲ್ಲಿ ಎಂಬ ವಿದ್ವಾಂಸರು ಅಳೆದು 1968ರಲ್ಲಿ ಪ್ರಕಟಿಸಿದರು. ಆ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು ಪರಿಸರಶಾಸ್ತ್ರಜ್ಞರು ಕಟ್ಟಿದ ಜಾಲದಲ್ಲಿ ಐದು ಮನೆಗಳಿವೆ: ಸಸ್ಯಗಳು, ಕೊಳೆತ ಜೀವಾವಶೇಷ, ಬ್ಯಾಕ್ಟೀರಿಯ, ಅವಶೇಷವನ್ನು ತಿಂದು ಬದುಕುವ ಪ್ರಾಣಿಗಳು, ಆ ಪ್ರಾಣಿಗಳನ್ನು ತಿನ್ನುವ ಮಾಂಸಾಹಾರಿಗಳು. ಒಂದು ಚದರ ಮೀಟರಿಗೆ ಒಂದು ವರ್ಷದಲ್ಲಿ ಇಷ್ಟು ಕಿಲೋಕ್ಯಾಲರಿ ಎಂಬ ಲೆಕ್ಕದಿಂದ, ಸಸ್ಯಗಳಿಗೆ ಬಂದು ಸೇರುವ ಶಕ್ತಿ 11,184. ಅದರಲ್ಲಿ 8,881 ಅವಶೇಷದ ಮನೆಗೆ ಹೋಗುತ್ತದೆ. ಅಲ್ಲಿಂದ ಬ್ಯಾಕ್ಟೀರಿಯಕ್ಕೆ 5,205, ಅವಶೇಷಭಕ್ಷಕಗಳಿಗೆ 2,309. ಕಟ್ಟಕಡೆಗೆ ಮಾಂಸಾಹಾರಿಗಳಿಗೆ ದಕ್ಕುವುದು 370 ಮಾತ್ರ. ಪರಿಸರಜಾಲವನ್ನು ಅಭ್ಯಾಸಮಾಡುವವರಿಗೆ ಈ ಚಿಲುಮೆಯು, ಸಂಸ್ಕೃತ ಕಲಿಯುವವರಿಗೆ ‘ರಾಮ’ ಶಬ್ದವಿದ್ದಂತೆ. ಹೊಸ ಉಪಕರಣವೊಂದು ಬಂದರೆ ಅದನ್ನು ಇದರ ಮೇಲೆ ಪ್ರಯೋಗಿಸಿ ನೋಡುವುದು ವಾಡಿಕೆ.

ಜಾರ್ಜಿಯ ವಿಶ್ವವಿದ್ಯಾನಿಲಯದಲ್ಲಿ ಕಜಾಂಜಿಯವರು ರಚಿಸಿ 2007ರಲ್ಲಿ ವಿದ್ವಜ್ಜನರ ಮುಂದಿಟ್ಟ ‘ಇಕೋನೆಟ್’ ಎಂಬ ತಂತ್ರಾಂಶವು ಅಂತಹ ಉಪಕರಣಗಳಲ್ಲೊಂದು. ಅದು ಅಂತರ್ಜಾಲದ ಮೂಲಕವೇ ಬಳಸುವುದಕ್ಕೆಂದು ರಚಿತವಾದುದು. ಬಳಸುವವನು ಸಮೀಕರಣಗಳನ್ನು ಬರೆಯಬೇಕಾದುದಿಲ್ಲ. ಕೊಡುವ ಮನೆಯ ಹೆಸರು, ಒಂದು ಬಾಣದ ಗುರುತು, ಪಡೆಯುವ ಮನೆಯ ಹೆಸರು, ಪಕ್ಕದಲ್ಲಿ ಒಂದು ಗುಣಾಂಕ, ಇಷ್ಟನ್ನು ಪಂಕ್ತಿಪಂಕ್ತಿಯಾಗಿ ಬರೆದುಕೊಟ್ಟರೆ, ಅವಕಲ ಸಮೀಕರಣಗಳನ್ನು ತಂತ್ರಾಂಶವೇ ಹೊಂದಿಸಿಕೊಂಡು, ಕಾಲ ಸರಿದಂತೆ ಪ್ರತಿಯೊಂದು ಮನೆಯ ಸಂಗ್ರಹವೂ ಹೇಗೆ ಏರಿಳಿಯುವುದೆಂಬುದನ್ನು ರೇಖೆಗಳಲ್ಲಿ ತೋರಿಸುತ್ತದೆ. ಈ ಪಂಕ್ತಿಗಳು ಒಂದು ಬಗೆಯ ವಾಕ್ಯಗಳೇ ಆದುದರಿಂದ, ಅವುಗಳ ಅನ್ವಯವು ಸರಿಯೆ ತಪ್ಪೆ ಎಂದು ವಿಚಾರಿಸುವುದು ಭಾಷಾವ್ಯಾಸಂಗಿಗಳಿಗೆ ಹೊರಗಿನ ಕೆಲಸವಲ್ಲ.

‘ಮೀನು ಹುಳುವನ್ನು ತಿಂದಿತು’ ಎಂಬಲ್ಲಿ ಮೀನು ಕರ್ತೃ, ಹುಳು ಕರ್ಮ. ಬಾಣದ ಭಾಷೆಯಲ್ಲಿ ಇದೇ ಸಂಗತಿಯು ‘ಹುಳುವಿನಿಂದ ಮೀನಿಗೆ’ ಎಂದಾಗುತ್ತದೆ. ಹುಳು ಅಪಾದಾನ, ಮೀನು ಸಂಪ್ರದಾನ. ತಿನ್ನುವ ಕರ್ತೃ ವಾಕ್ಯದಿಂದಲೇ ಮಾಯವಾದನು. ಶಕ್ತಿಯ ಆಯವ್ಯಯವನ್ನು ಬರೆದಿಡುವುದಕ್ಕೆ ಇಷ್ಟು ಸಾಕು. ಕಾಲಗತಿಯನ್ನು ಅನುಕರಿಸಹೊರಟಾಗಲಾದರೋ, ಈ ಪ್ರವಾಹದ ವೇಗವನ್ನು ಗೊತ್ತುಮಾಡುವವರು ಯಾರು ಎಂಬ ಪ್ರಶ್ನೆಯೇಳುತ್ತದೆ. ಅತಿ ಸುಲಭವಾದ ಉತ್ತರವೆಂದರೆ ದಾತೃನಿಯಂತ್ರಣ: ಹುಳುಗಳ ಸಂಗ್ರಹವೆಷ್ಟೋ ಅದಕ್ಕೆ ತಕ್ಕಷ್ಟು ಶಕ್ತಿ ಹೊರಡುತ್ತದೆ, ಮೀನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಪಾದಾನವೇ ಕರ್ತೃವಿನ ಪೀಠದಲ್ಲಿ ಕುಳಿತಂತಾಯಿತು. (ಹೊಸಗನ್ನಡದ ಬಳಕೆಯಲ್ಲಿ ‘ಇಂದ’ ಎಂಬೊಂದೇ ಪ್ರತ್ಯಯವು ತೃತೀಯೆಗೂ ಪಂಚಮಿಗೂ ಸಲ್ಲುವುದರಿಂದ, ‘ಹುಳುವಿನಿಂದ’ ಎಂಬ ರೂಪದೊಳಗೇ ಈ ಗೊಂದಲ ಅಡಗಿದೆಯೆನ್ನಬಹುದು.)

ಗುಣಾಂಕವನ್ನು ಪಡೆಯುವ ಕ್ರಮವನ್ನು ಇಲ್ಲಿ ಗಮನಿಸಬೇಕು. ಅಳೆದ ಪ್ರವಾಹವನ್ನು ಕೊಡುವ ಮನೆಯ ಸಂಗ್ರಹದಿಂದ ಭಾಗಿಸಿ ಗುಣಾಂಕವನ್ನು ತೆಗೆಯುವುದು. ಅದನ್ನೇ ತಂತ್ರಾಂಶಕ್ಕೆ ಒಪ್ಪಿಸುವುದು. ರೇಖೆಗಳು ಸಮಸ್ಥಿತಿಗೆ ಬಂದು ನಿಂತಾಗ 5,205, 2,309, 370 ಎಂಬ ಹಿಂದಿನ ಅಂಕಿಗಳೇ ಮರಳಿ ಕಾಣುವುವು. ಇದನ್ನು ಕಂಡು ಮಾದರಿಯು ನಿಜವೆಂದು ಸಿದ್ಧವಾಯಿತೆಂದು ಹಿಗ್ಗುವವನು, ಚೀಲದಲ್ಲಿ ತಾನಿಟ್ಟ ಹಣವನ್ನು ತಾನೇ ಎಣಿಸಿ ಲಾಭ ಬಂತೆಂದವನಂತೆ. ಪ್ರವಾಹವನ್ನು ಎರಡು ಮನೆಗಳ ಸಂಗ್ರಹಗಳ ಗುಣಲಬ್ಧದಿಂದ ಭಾಗಿಸಿ, ವೇಗವು ತಿನ್ನುವವನನ್ನೂ ತಿನ್ನಿಸಿಕೊಳ್ಳುವವನನ್ನೂ ಅವಲಂಬಿಸುವುದೆಂದು ಬರೆದರೂ ಅದೇ ಸಮಸ್ಥಿತಿಯೇ ದೊರೆಯುವುದು. ಒಂದು ವರ್ಷದ ಆಯವ್ಯಯಪಟ್ಟಿ ಎರಡು ಅನ್ವಯಗಳಿಗೂ ಸಮನಾಗಿ ಒಪ್ಪುತ್ತದೆ. ಯಾವುದು ಸರಿಯೆಂದು ಅದು ಹೇಳಲಾರದು.

ಭೇದ ಕಾಣಬೇಕಾದರೆ ಜಾಲವನ್ನು ಕದಲಿಸಬೇಕು. ಚಿಲುಮೆಯ ಮಾಂಸಾಹಾರಿಗಳೆಲ್ಲವನ್ನೂ ತೆಗೆದುಹಾಕಿ ಆ ಮನೆಯ ಸಂಗ್ರಹವನ್ನು ಸೊನ್ನೆಯೆಂದು ಬರೆದುಕೊಟ್ಟರೆ, ದಾತೃನಿಯಂತ್ರಣದ ಅನ್ವಯದಲ್ಲಿ ಮೊದಲ ಕ್ಷಣದಿಂದಲೇ ವರ್ಷಕ್ಕೆ 370ರ ವೇಗದಲ್ಲಿ ಶಕ್ತಿಯು ಆ ಬರಿದಾದ ಮನೆಗೆ ಹರಿಯತೊಡಗುತ್ತದೆ. ಬೀಜವಿಲ್ಲದೆ ಬೆಳೆ ಬಂದಂತೆ, ತಂದೆತಾಯಿಗಳಿಲ್ಲದೆಯೇ ಮಾಂಸಾಹಾರಿಗಳು ಹುಟ್ಟಿ ತಮ್ಮ ಹಿಂದಿನ ಪ್ರಮಾಣವನ್ನೇ ಪಡೆಯುತ್ತವೆ. ಉಳಿದ ಬಾಣಗಳನ್ನು ಹಾಗೆಯೇ ಬಿಟ್ಟು ಇದೊಂದನ್ನು ಮಾತ್ರ ಉಭಯನಿಯಂತ್ರಣಕ್ಕೆ ತಿರುಗಿಸಿದರೆ, ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ತಿನ್ನುವವರಿಲ್ಲದ ಅವಶೇಷಭಕ್ಷಕಗಳು ನೂರಕ್ಕೆ ಸುಮಾರು 17ರಷ್ಟು ಹೆಚ್ಚುತ್ತವೆ. ಅವಶೇಷದ ಮನೆಗೆ ಬರುವ ಪ್ರವಾಹವು 11,483ರಿಂದ ಸುಮಾರು 11,330ಕ್ಕೆ ಇಳಿಯುತ್ತದೆ. ಒಂದೇ ಒಂದು ಪಂಕ್ತಿಯ ತಿದ್ದುಪಾಟಿನಿಂದ ಕಥೆಯೇ ಬೇರೆಯಾಯಿತು. ಬೇಟೆಯ ಪ್ರಾಣಿಯೊಂದು ಅಳಿದರೆ ಆಗುವುದೇನೆಂದು ಇಂತಹ ಅನುಕರಣವನ್ನು ಕೇಳಿ ಕೆರೆಯನ್ನೋ ಕಾಡನ್ನೋ ಆಳಹೊರಟವರಿಗೆ ಇದು ಸಣ್ಣ ವಿಷಯವಲ್ಲ.

ದೋಷವನ್ನು ತಂತ್ರಾಂಶದ ಮೇಲೆ ಹೊರಿಸುವುದು ನ್ಯಾಯವಲ್ಲ. ದಾತೃನಿಯಂತ್ರಣ, ಉಭಯನಿಯಂತ್ರಣ, ಆಹಾರವೆಷ್ಟು ಹೆಚ್ಚಿದರೂ ಒಂದು ಮಿತಿಯನ್ನು ಮೀರದ ಮಿಖಾಯೆಲಿಸ್–ಮೆಂಟೆನ್ ಕ್ರಮ, ಈ ಮೂರನ್ನೂ ಇಕೋನೆಟ್ ಒದಗಿಸಿಕೊಟ್ಟಿದೆ. 1925ರಲ್ಲಿ ಲೋಟ್ಕ, 1926ರಲ್ಲಿ ವೋಲ್ಟೆರ್ರ ಬರೆದ ಸಮೀಕರಣಗಳಲ್ಲಿಯೂ ಭಕ್ಷಕ ಮತ್ತು ಭಕ್ಷ್ಯಗಳ ಗುಣಲಬ್ಧವೇ ಇದ್ದಿತು. ದಾತೃನಿಯಂತ್ರಣವು ಎಲ್ಲೆಡೆಯೂ ತಪ್ಪೆಂದೂ ಅಲ್ಲ. ಸಸ್ಯದಿಂದ ಅವಶೇಷಕ್ಕೆ ಹೋಗುವ ಬಾಣಕ್ಕೆ ಅದೇ ಯುಕ್ತವಾದುದು. ಎಲೆ ಉದುರುವುದಕ್ಕೆ ಕೆಳಗಿನ ಕೊಳೆಯ ಅಪ್ಪಣೆ ಬೇಡ. ಐದು ಮನೆಗಳ ಎಲ್ಲ ಬಾಣಗಳಿಗೂ, ಬರೆಯಲು ಸುಲಭವೆಂಬ ಕಾರಣದಿಂದ, ಒಂದೇ ಕಾರಕವನ್ನು ಹಚ್ಚುವುದೇ ಆಕ್ಷೇಪಾರ್ಹ.

ಸಮಸ್ಥಿತಿಯ ಪ್ರವಾಹಗಳಿಂದಲೇ ದೊರೆಯುವ ಫಲಗಳಿಗೆ ಈ ಆಕ್ಷೇಪ ತಟ್ಟದು. ಫಿನ್ ಎಂಬವರು 1976ರಲ್ಲಿ ಸೂಚಿಸಿದ ಚಕ್ರಾಂಕವು, ಜಾಲದಲ್ಲಿ ಹರಿಯುವ ಒಟ್ಟು ಶಕ್ತಿಯಲ್ಲಿ ಒಮ್ಮೆ ಬಿಟ್ಟ ಮನೆಗೆ ಮರಳಿ ಬರುವ ಭಾಗವೆಷ್ಟೆಂಬುದನ್ನು ಹೇಳುತ್ತದೆ. ಕೋನ್ ಸ್ಪ್ರಿಂಗಿನಲ್ಲಿ ಅದು ನೂರಕ್ಕೆ ಸುಮಾರು 9.2, ಕಾಲಗತಿಯ ಅನ್ವಯ ಹೇಗಿದ್ದರೂ ಬದಲಾಗದ ಅಂಕಿ. ಅದಕ್ಕೂ ಒಂದು ಮಿತಿಯುಂಟು. ಅವಶೇಷದ ಮನೆಯಿಂದ 3,109 ಉಸಿರಾಟವಾಗಿ ಹೊರಟುಹೋಗುವುದೆಂದು ಪಟ್ಟಿಯಲ್ಲಿದೆ. ಸತ್ತುದು ಉಸಿರಾಡದು, ಕೊಳೆಯೊಡನೆ ಬೆರೆತ ಸೂಕ್ಷ್ಮಜೀವಿಗಳ ಉಸಿರು ಅದೆಂದಲ್ಲದೆ ಬೇರೆ ಅರ್ಥವನ್ನು ಕಲ್ಪಿಸಲಾಗದು. ಆ ಜೀವಿಗಳನ್ನು ಬ್ಯಾಕ್ಟೀರಿಯದ ಮನೆಗೆ ಸೇರಿಸಿದರೆ ಬಾಣಗಳು ಬೇರೆಯಾಗುವುವು, ಚಕ್ರಾಂಕವೂ ಬೇರೆಯಾಗುವುದು.