ಸಲೀಂ ಮಿರ್ಜಾನಿಗೆ ಬಾಡಿಗೆ ಮನೆ ಬೇಕಾಗಿದೆ

ತೆರೆಯ ಮೇಲೆ ಮುಸ್ಲಿಮ್ ಪಾತ್ರವೊಂದು ಕಾಣಿಸಿಕೊಂಡ ಕೂಡಲೇ ನಮ್ಮವರು ಕೇಳುವ ಮೊದಲ ಪ್ರಶ್ನೆ ಒಂದೇ: ಇವನನ್ನು ಒಳ್ಳೆಯವನೆಂದು ತೋರಿಸಿದ್ದಾರೋ, ಕೆಟ್ಟವನೆಂದೋ? ಕೆಟ್ಟವನಾಗಿದ್ದರೆ ಸಿಟ್ಟು, ಒಳ್ಳೆಯವನಾಗಿದ್ದರೆ ಸಮಾಧಾನ. ಕೆಲವು ದಶಕಗಳಿಂದ ಸಿನೆಮಾ ನೋಡುತ್ತಾ ಬಂದಿರುವ ನನಗೆ ಈ ಲೆಕ್ಕಾಚಾರದಲ್ಲಿ ಆಸಕ್ತಿ ಹೋಗಿಬಿಟ್ಟಿದೆ. ನನ್ನ ಪ್ರಶ್ನೆ ಬೇರೆ. ಈ ಮನುಷ್ಯನಿಗೆ ಒಂದು ಮನೆ ಇದೆಯೇ? ಇದ್ದರೆ ಅದು ಸ್ವಂತದ್ದೋ ಬಾಡಿಗೆಯದ್ದೋ? ಅವನ ದುಡಿಮೆ ಏನು? ಮನೆಯೊಳಗೆ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ? ಈ ಪ್ರಶ್ನೆಗಳನ್ನಿಟ್ಟುಕೊಂಡು ನೋಡಿದರೆ, ನಾವು ಮೆಚ್ಚಿಕೊಂಡ ಎಷ್ಟೋ ಚಿತ್ರಗಳು ಸಣ್ಣದಾಗಿ ಕಾಣುತ್ತವೆ, ಮರೆತುಬಿಟ್ಟ ಕೆಲವು ದೊಡ್ಡದಾಗುತ್ತವೆ.

1975ರ 'ಶೋಲೆ'ಯ ಇಮಾಮ್ ಸಾಹೇಬರನ್ನೇ ತೆಗೆದುಕೊಳ್ಳಿ. ಎ.ಕೆ. ಹಂಗಲ್ ಅಭಿನಯಿಸಿದ ಆ ಕುರುಡು ಮುದುಕನನ್ನು ಕಂಡು ಕಣ್ಣೀರು ಹಾಕದವರು ಕಡಿಮೆ. ಮಗನ ಹೆಣದ ಮುಂದೆ ನಿಂತು, ಊರಿಗಾಗಿ ಅರ್ಪಿಸಲು ಇನ್ನಷ್ಟು ಮಕ್ಕಳನ್ನು ದೇವರು ಯಾಕೆ ಕೊಡಲಿಲ್ಲ ಎಂದು ಕೇಳುವ ತಂದೆ ಆತ. ನನಗೂ ಕಣ್ಣು ತುಂಬಿದ್ದಿದೆ. ಆದರೆ ಯೋಚಿಸಿ ನೋಡಿ, ಮಗನನ್ನು ಕಳೆದುಕೊಂಡ ಬಡ ತಂದೆ ಯಾವ ಊರಿನಲ್ಲಿ ಹಾಗೆ ಮಾತನಾಡುತ್ತಾನೆ? ಅಳುವ ಹಕ್ಕೂ ಇಲ್ಲದಷ್ಟು ಒಳ್ಳೆಯವನಾಗಬೇಕಾದ ಒತ್ತಾಯ ಆ ಪಾತ್ರದ ಮೇಲಿದೆ. 1973ರ 'ಜಂಜೀರ್'ನಲ್ಲಿ ಪ್ರಾಣ್ ಮಾಡಿದ ಶೇರ್ ಖಾನ್ ಗೆಳೆತನಕ್ಕಾಗಿ ಪ್ರಾಣವನ್ನೇ ಕೊಡಲು ಸಿದ್ಧ. ಅವನ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು ಎಂಬುದು ಚಿತ್ರಕ್ಕೆ ಬೇಕಿಲ್ಲ.

ಅದಕ್ಕೂ ಮೊದಲಿನ ಲಖನೌ ಚಿತ್ರಗಳಲ್ಲಿ ಮನೆಗೆ ಕೊರತೆಯಿರಲಿಲ್ಲ ನಿಜ. 'ಚೌದ್ವೀ ಕಾ ಚಾಂದ್' (1960), 'ಮೇರೆ ಮೆಹಬೂಬ್' (1963), ಅವುಗಳ ಕೊನೆಯ ಮಿಂಚಿನಂತೆ ಬಂದ 'ಪಾಕೀಜಾ' (1972). ಈ ಚಿತ್ರಗಳ ಮೇಲೆ ನನಗೆ ಮುನಿಸಿಲ್ಲ. ಹಾಡುಗಳಿಗಾಗಿ, ಉರ್ದುವಿನ ನಯಕ್ಕಾಗಿ ಈಗಲೂ ನೋಡುತ್ತೇನೆ. ಆದರೆ ಅಲ್ಲಿ ಮನೆ ಎಂದರೆ ತೂಗುದೀಪ, ಪರದೆ, ನವಾಬ, ಶಾಯರಿ. ದೇಶದ ಬಹುಪಾಲು ಮುಸ್ಲಿಮರು ಬೀಡಿ ಸುತ್ತುತ್ತಾ, ಮಗ್ಗ ನಡೆಸುತ್ತಾ, ಗುಜರಿ ಹೆಕ್ಕುತ್ತಾ, ಮೀನು ಮಾರುತ್ತಾ ಬದುಕುತ್ತಿದ್ದ ಕಾಲದಲ್ಲಿ ಈ ಚಿತ್ರಗಳ ನಾಯಕನಿಗೆ ಬುರ್ಖಾದ ಹಿಂದಿನ ಮುಖ ಯಾರದ್ದೆಂಬ ಚಿಂತೆಯೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ.

ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗಲೇ 'ಗರಂ ಹವಾ' ಎಂತಹ ಚಿತ್ರವೆಂದು ತಿಳಿಯುವುದು. 1973ರಲ್ಲಿ ಸಿದ್ಧವಾದ ಇದನ್ನು ಮಾಡಿದವರು ನಮ್ಮ ಮೈಸೂರಿನವರೇ ಆದ ಎಂ.ಎಸ್. ಸತ್ಯು. ಇಸ್ಮತ್ ಚುಗ್ತಾಯಿಯವರ ಕಥೆಯನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ಗಲಭೆಯಾದೀತು ಎಂಬ ಭಯದಿಂದ ಸೆನ್ಸಾರಿನವರು ತಿಂಗಳುಗಟ್ಟಲೆ ತಡೆಹಿಡಿದಿದ್ದರು. ಬಿಡುಗಡೆಯಾದ ಮೇಲೆ ಅದಕ್ಕೆ ಸಿಕ್ಕಿದ್ದು ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ!

ಕಥೆ ನಡೆಯುವುದು ದೇಶ ವಿಭಜನೆಯ ನಂತರದ ಆಗ್ರಾದಲ್ಲಿ. ಬಲರಾಜ್ ಸಾಹನಿಯವರ ಸಲೀಂ ಮಿರ್ಜಾ ನವಾಬನಲ್ಲ, ಶಾಯರನೂ ಅಲ್ಲ. ಪಾದರಕ್ಷೆ ತಯಾರಿಸುವ ಕಾರ್ಖಾನೆಯ ಯಜಮಾನ. ಬಂಧುಗಳನ್ನು ಒಬ್ಬೊಬ್ಬರನ್ನಾಗಿ ರೈಲು ಹತ್ತಿಸಿ ಪಾಕಿಸ್ತಾನಕ್ಕೆ ಕಳಿಸಿ ಟಾಂಗಾದಲ್ಲಿ ಮರಳುವುದೇ ಅವನ ಕೆಲಸವಾಗಿಬಿಡುತ್ತದೆ. ಇಲ್ಲಿ ಕತ್ತಿ ಹಿಡಿದ ಗುಂಪಿಲ್ಲ. ಬದಲಿಗೆ ಬ್ಯಾಂಕಿನವನು ಸಾಲ ಕೊಡುವುದಿಲ್ಲ. ಯಾಕೆಂದರೆ ನೀವು ನಾಳೆ ಗಡಿ ದಾಟಿದರೆ ವಸೂಲಿ ಮಾಡುವುದು ಯಾರಿಂದ? ಪೂರ್ವಜರ ಹವೇಲಿ ದೇಶ ಬಿಟ್ಟುಹೋದ ಅಣ್ಣನ ಹೆಸರಲ್ಲಿದೆ, ಹಾಗಾಗಿ ಕಾನೂನಿನ ಪ್ರಕಾರ ಅದು ವಲಸೆ ಹೋದವನ ಆಸ್ತಿ. ಅಲ್ಲೇ ಉಳಿದ ತಮ್ಮ ಬೀದಿಗೆ ಬೀಳುತ್ತಾನೆ. ಆ ಹವೇಲಿ ದಕ್ಕುವುದು ಸಿಂಧ್‌ನಿಂದ ಎಲ್ಲ ಕಳೆದುಕೊಂಡು ಬಂದ ವ್ಯಾಪಾರಿಗೆ. ಅವನೂ ದುಷ್ಟನಲ್ಲ, ಅವನ ಮನೆಯನ್ನೂ ಯಾರೋ ಹೀಗೆಯೇ ಕಿತ್ತುಕೊಂಡಿದ್ದಾರೆ. (ಆ ವ್ಯಾಪಾರಿಯ ಪಾತ್ರದಲ್ಲೂ ಇರುವುದು ಅದೇ ಹಂಗಲ್.) ಯಾರನ್ನೂ ಖಳನನ್ನಾಗಿಸದೆಯೇ ಒಂದು ಕುಟುಂಬ ಹೇಗೆ ಕುಸಿಯುತ್ತದೆಂದು ತೋರಿಸುವ ಧೈರ್ಯ ಇಂದಿನ ಎಷ್ಟು ನಿರ್ದೇಶಕರಿಗಿದೆ?

ಮನೆ ಹುಡುಕುವ ದೃಶ್ಯಗಳಂತೂ ಎಲ್ಲಿಯೋ ನೋಡಿದಂತೆ, ಎಲ್ಲಿಯೋ ಅನುಭವಿಸಿದಂತೆ ಇವೆ. ಎರಡು-ಮೂರು ಕಡೆ ಹೆಸರು ಕೇಳಿ ನಿರಾಕರಿಸಿದ ಮೇಲೆ ಸಲೀಂ ಮಿರ್ಜಾ ಬೇಸತ್ತು, ಮನೆಯ ಮಾತು ಮುಂದುವರಿಯುವ ಮೊದಲೇ ತನ್ನ ಹೆಸರನ್ನೂ ಧರ್ಮವನ್ನೂ ತಾನೇ ಹೇಳಿಬಿಡುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ, ಸಮಯ ಉಳಿಸುವ ಯತ್ನವಷ್ಟೇ. ಬೆಂಗಳೂರಿನಲ್ಲಿ ದಲ್ಲಾಳಿಯ ಜೊತೆ ಮನೆ ನೋಡಲು ಹೋದ ಯಾವ ಮುಸ್ಲಿಮ್ ಯುವಕನಿಗೂ ಈ ದೃಶ್ಯಕ್ಕೆ ಉಪಶೀರ್ಷಿಕೆ ಬೇಕಿಲ್ಲ. ಭಾಷಣ ಮಾಡುವ ನೂರು ಚಿತ್ರಗಳಿಗಿಂತ ಸಾಹನಿಯವರ ಆ ದಣಿದ ಮುಖ ನನಗೆ ದೊಡ್ಡದು. ಈ ಚಿತ್ರದ ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು ಅವರು ತೀರಿಕೊಂಡರು.

ಹವೇಲಿ ಖಾಲಿ ಮಾಡುವ ದಿನ ಮುದುಕಿ ಅಜ್ಜಿ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಸಾಯುವ ಕಾಲಕ್ಕೆ ಅವಳನ್ನು ಪಲ್ಲಕ್ಕಿಯಲ್ಲಿ ಅದೇ ಹವೇಲಿಗೆ ಹೊತ್ತು ತರುತ್ತಾರೆ. ಮದುಮಗಳಾಗಿ ಬಂದ ಬಾಗಿಲಿನಿಂದಲೇ ಅವಳು ಮತ್ತೆ ಒಳಗೆ ಬರುತ್ತಾಳೆ, ಈಗ ಆ ಮನೆ ಬೇರೆಯವರದು. ಆ ಪಾತ್ರ ಮಾಡಿದ ಬದರ್ ಬೇಗಂ ವೃತ್ತಿ ಕಲಾವಿದೆಯಲ್ಲ, ಆಗ್ರಾದಲ್ಲೇ ಸಿಕ್ಕ ಎಪ್ಪತ್ತು ದಾಟಿದ ಅಜ್ಜಿ. ದನಿ ಕೊಟ್ಟವರು ದೀನಾ ಪಾಠಕ್. ಭಾರತೀಯ ಸಿನೆಮಾದಲ್ಲಿ ಮನೆಯೆಂದರೆ ಏನೆಂದು ಹೇಳುವ ಇದಕ್ಕಿಂತ ಉತ್ತಮ ದೃಶ್ಯವನ್ನು ನಾನು ನೋಡಿಲ್ಲ.

ಕೊನೆಯ ಮೆರವಣಿಗೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಪಾಕಿಸ್ತಾನಕ್ಕೆ ಹೊರಟ ಟಾಂಗಾ, ಉದ್ಯೋಗ ಕೇಳುವ ಮೆರವಣಿಗೆಗೆ ಎದುರಾಗುತ್ತದೆ. ಮೊದಲು ಮಗ ಸಿಕಂದರ್, ನಂತರ ತಂದೆ ಅದರಲ್ಲಿ ಸೇರುತ್ತಾರೆ. ಎಡಪಂಥೀಯ ರಂಗಭೂಮಿಯಿಂದ ಬಂದವರಿಗೆ ಅದು ಸಹಜವಾದ ಉತ್ತರವಿದ್ದೀತು. ಮಗಳು ಆಮಿನಾ ಕೈ ಕೊಯ್ದುಕೊಂಡು ಸತ್ತಿರುವ ಮನೆಗೆ ಅದು ಉತ್ತರವಾಗುವುದು ಹೇಗೆ? ಆದರೂ 2014ರಲ್ಲಿ ಹೊಸದಾಗಿ ಸಂಸ್ಕರಿಸಿದ ಪ್ರತಿ ಬಿಡುಗಡೆಯಾದಾಗ ನೋಡಿದವರಿಗೆ, ಹಳೆಯದಾಗಿರುವುದು ಬಣ್ಣ ಮಾತ್ರ ಎನ್ನಿಸಿರಬೇಕು.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಇಲ್ಲಿ ಬಹುಕಾಲ ಸಾಬಿ ಎಂದರೆ 'ನಮ್ದೂಕೆ ನಿಮ್ದೂಕೆ' ಎನ್ನುವ ನಗೆಪಾತ್ರ. ಕಂಪೆನಿ ನಾಟಕದಿಂದ ಸಿನೆಮಾಕ್ಕೆ ಬಂದ ಈ ಕನ್ನಡವನ್ನು ಯಾವ ಊರಿನ ಮುಸ್ಲಿಮರು ಮಾತನಾಡುತ್ತಾರೋ ನನಗೆ ತಿಳಿಯದು. ಕರಾವಳಿಯಲ್ಲಿ ಬ್ಯಾರಿ, ಭಟ್ಕಳದಲ್ಲಿ ನವಾಯತಿ, ಬಯಲುಸೀಮೆಯಲ್ಲಿ ದಖ್ನಿ ಇವೆ. ಇವೆಲ್ಲವುಗಳ ಜೊತೆಗೆ ಆಯಾ ಊರಿನ ಅಚ್ಚ ಕನ್ನಡವೂ ಇದೆ. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಾಗ ತೆರೆಯ ಮೇಲೆ ಮುಸ್ಲಿಮನೊಬ್ಬ ಕನ್ನಡದಲ್ಲೇ ಯೋಚಿಸಿದ, ಕನ್ನಡದಲ್ಲೇ ಹಾಡಿದ. ಸಿ. ಅಶ್ವಥ್ ಅವರ ಸಂಗೀತದಿಂದ ಆ ಚಿತ್ರ ಮನೆಮನೆಗೆ ತಲುಪಿತು. ಸಂತನಿಗೆ ರಿಯಾಯಿತಿ ಸುಲಭವಾಗಿ ಸಿಗುತ್ತದೆ ಎಂಬ ಮಾತನ್ನೂ ಇಲ್ಲಿ ಸೇರಿಸಬೇಕು.

ಸಂತನಲ್ಲದ ಮುಸ್ಲಿಮರ ಮನೆಯ ಬಾಗಿಲು ಕನ್ನಡ ಸಿನೆಮಾಕ್ಕೆ ತೆರೆದದ್ದು ಸಾಹಿತ್ಯದಿಂದ. ಬೊಳುವಾರು ಮಹಮ್ಮದ್ ಕುಂಞಿ, ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಮುಂತಾದವರು ಆ ಒಳಮನೆಯನ್ನು ಕನ್ನಡಕ್ಕೆ ತಂದಿದ್ದರು. ಬೊಳುವಾರರ 'ಮುತ್ತುಚ್ಚೇರ' ಕಥೆಯಿಂದ ಪಿ. ಶೇಷಾದ್ರಿ 2000ದಲ್ಲಿ 'ಮುನ್ನುಡಿ' ಮಾಡಿದರು. ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಹಸೀನಾಳ ಪಾತ್ರವೇ. ನಂತರ 2011ರಲ್ಲಿ ಬ್ಯಾರಿ ಭಾಷೆಯ ಮೊದಲ ಚಿತ್ರ 'ಬ್ಯಾರಿ' ಬಂದು ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಅದರ ಕಥೆಯ ಹಕ್ಕಿನ ಕುರಿತು ಸಾರಾ ಅಬೂಬಕ್ಕರ್ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೂರರಲ್ಲೂ ಗಂಡ ಬಿಟ್ಟ ಅಥವಾ ಬಿಡುಗಡೆ ಕೊಟ್ಟ ಹೆಣ್ಣು. ತಲಾಖಿನ ಪ್ರಕರಣವಿದ್ದರೆ ಮಾತ್ರ ನಮ್ಮ ಮನೆಯ ಬಾಗಿಲು ಕ್ಯಾಮೆರಾಕ್ಕೆ ತೆರೆಯುತ್ತದೆ ಎಂಬಂತಾಗಿದೆ. ಇದನ್ನು ಹೇಳಿದ ಕೂಡಲೇ ನಮ್ಮಲ್ಲಿ ಕೆಲವರು ಚಪ್ಪಾಳೆ ತಟ್ಟುತ್ತಾರೆ: 'ಅದೇ ನಾವೂ ಹೇಳುವುದು, ಇವೆಲ್ಲ ಸಮುದಾಯದ ಹೆಸರು ಕೆಡಿಸುವ ಚಿತ್ರಗಳು!' ನಾನು ಹೇಳುತ್ತಿರುವುದು ಅದಲ್ಲ. ಹಸೀನಾ ಸುಳ್ಳಲ್ಲ. ಗಂಡುಮಗುವಿನ ಹಂಬಲಕ್ಕೆ ಹೆಂಡತಿ ಮಕ್ಕಳನ್ನು ಕೈಬಿಟ್ಟ ಗಂಡ, ನ್ಯಾಯ ಕೇಳಿ ಮಸೀದಿಯ ಮುಂದೆ ಕೂತ ಹೆಂಡತಿ, ಹಾರಿಕೆಯ ಉತ್ತರ ಕೊಡುವ ಮುತವಲ್ಲಿ, ಇವರನ್ನು ಕಾಣದ ಜಮಾಅತ್ ಯಾವುದಿದೆ? ಆ ಹೆಣ್ಣು ಧರ್ಮವನ್ನು ಬಿಟ್ಟು ಹೋಗುವುದಿಲ್ಲ, ಧರ್ಮ ತನಗೆ ಕೊಟ್ಟ ಹಕ್ಕನ್ನು ಕೇಳುತ್ತಾ ಅದರ ಬಾಗಿಲಲ್ಲೇ ಕೂರುತ್ತಾಳೆ. ಇದನ್ನು ಅವಮಾನವೆಂದು ತಿಳಿಯುವವರು ಮುತವಲ್ಲಿಯ ಪಕ್ಷದವರೇ ಹೊರತು ಸಮುದಾಯದ ಪಕ್ಷದವರಲ್ಲ. 2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದಿಸಿದವರೆಲ್ಲರೂ ಒಮ್ಮೆ 'ಹಸೀನಾ' ನೋಡಿದ್ದರೆ ಚೆನ್ನಾಗಿತ್ತು. ನನ್ನ ದೂರು ಇಷ್ಟೇ: ಆ ಮನೆಗಳಲ್ಲಿ ಕಣ್ಣೀರಲ್ಲದೆ ಬೇರೆಯದೂ ಇದೆಯಲ್ಲ?

ಕಾಸರವಳ್ಳಿಯವರೇ ಇದಕ್ಕೆ ಉತ್ತರವೆಂಬಂತೆ 2008ರಲ್ಲಿ ತೆರೆಗೆ ಬಂದ 'ಗುಲಾಬಿ ಟಾಕೀಸ್' ಕೊಟ್ಟರು. ವೈದೇಹಿಯವರ ಕಥೆಯ ಎಳೆಯನ್ನು ಹಿಡಿದು ಬಹಳ ದೂರ ಹೋದ ಚಿತ್ರವಿದು. ಗುಲಾಬಿಯೂ ಗಂಡ ಬಿಟ್ಟವಳೇ. ಮೀನಿನ ವ್ಯವಹಾರದ ಮೂಸಾ ಇನ್ನೊಬ್ಬಳನ್ನು ಕಟ್ಟಿಕೊಂಡು ದೂರವಿದ್ದಾನೆ. ಆದರೆ ಅವಳಿಗೆ ಸಿನೆಮಾದ ಹುಚ್ಚಿದೆ! ಸೂಲಗಿತ್ತಿ ಗುಲಾಬಿ ಹೆರಿಗೆ ಮಾಡಿಸಲು ಹೋಗಬೇಕಾದರೂ ಟಾಕೀಸಿನಿಂದ ಎಬ್ಬಿಸಿಕೊಂಡು ಹೋಗಬೇಕು. ಹಾಗೊಂದು ಹೆರಿಗೆಯಿಂದಾಗಿ ಅವಳ ಗುಡಿಸಲಿಗೆ ಡಿಶ್ ಸಮೇತ ಟಿ.ವಿ. ಬರುತ್ತದೆ. ದ್ವೀಪದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಸಾಬರ ಮನೆಯೊಳಗೆ ಕಾಲಿಡಲು ಹಿಂಜರಿಯುವವರು ಹೊರಗೆ ನಿಂತು ಇಣುಕುತ್ತಾರೆ. ಧಾರಾವಾಹಿಯ ಆಸೆ ಮಡಿಯನ್ನು ಅಂಗಳದವರೆಗೆ ಎಳೆದು ತರುವ ಈ ತಮಾಷೆಯನ್ನು ಕಾಸರವಳ್ಳಿ ಎಷ್ಟು ನಿರಾಳವಾಗಿ ತೋರಿಸುತ್ತಾರೆಂದರೆ, ಮುಂದೆ ಬರುವುದಕ್ಕೆ ನಾವು ಸಿದ್ಧರಾಗಿರುವುದಿಲ್ಲ.

ಅದೇ ಪೆಟ್ಟಿಗೆಯಲ್ಲಿ ಕಾರ್ಗಿಲ್ ಬರುತ್ತದೆ. 1999. ಸಮುದ್ರದಲ್ಲಿ ಸಣ್ಣ ದೋಣಿಯವರಿಗೂ ದೊಡ್ಡ ಬೋಟಿನ ಮುಸ್ಲಿಮ್ ಸಾಹುಕಾರನಿಗೂ ಇದ್ದ ಮೀನಿನ ಜಗಳ ದಡಕ್ಕೆ ಬರುವಷ್ಟರಲ್ಲಿ ಧರ್ಮದ ಜಗಳವಾಗುತ್ತದೆ. ಟಿ.ವಿ. ನೋಡಲು ಬರುತ್ತಿದ್ದ ನೇತ್ರು ಕಾಣೆಯಾದಾಗ ಬೆರಳು ತಿರುಗುವುದು ಗುಲಾಬಿಯ ಕಡೆಗೆ. ಊರು ಬಿಡಲು ಒಪ್ಪದ ಅವಳನ್ನು ಬಲವಂತವಾಗಿ ದೋಣಿ ಹತ್ತಿಸುತ್ತಾರೆ. ಉಮಾಶ್ರೀ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಹಾಸ್ಯದ ನಟಿಯೆಂದು ಅವರನ್ನು ಬದಿಗಿಟ್ಟಿದ್ದ ನಮ್ಮ ಉದ್ಯಮಕ್ಕೆ ಅದೊಂದು ಪಾಠವಾಗಬೇಕಿತ್ತು. ಸೌದೆ ಕೋಣೆಯ ಅಜ್ಜಿಯನ್ನು ನೋಡಿದವರಿಗೆ ಈ ದೋಣಿಯ ದೃಶ್ಯ ಹೊಸದಲ್ಲ. ವ್ಯತ್ಯಾಸವೆಂದರೆ ಆಗ್ರಾದಲ್ಲಿ ಹೊರಗೆ ಹಾಕಿದ್ದು ಕಾನೂನಿನ ಕಾಗದ. ಇಲ್ಲಿ ನಿನ್ನೆಯವರೆಗೆ ಚಾಪೆ ಹಂಚಿಕೊಂಡ ನೆರೆಹೊರೆ. ಕೊನೆಗೆ ಇಬ್ಬರು ಮುದುಕಿಯರು ಯಜಮಾನಿಯಿಲ್ಲದ ಆ ಮನೆಗೆ ಟಿ.ವಿ. ನೋಡಲು ಹೋಗುತ್ತಾರೆ. ಅದನ್ನು ಆಶಾವಾದವೆಂದು ಓದಿದವರಿದ್ದಾರೆ. ನನಗಂತೂ ಮೈ ಜುಮ್ಮೆನ್ನಿತು.

ನೆರೆಯ ಮಲಯಾಳದಲ್ಲಿ ಪರಿಸ್ಥಿತಿ ಬೇರೆ. ಝಕರಿಯಾ ನಿರ್ದೇಶನದ 'ಸುಡಾನಿ ಫ್ರಮ್ ನೈಜೀರಿಯಾ' (2018) ಮಲಪ್ಪುರಂನ ಫುಟ್‌ಬಾಲ್ ತಂಡವೊಂದರ ಕಥೆ. ಗಾಯಗೊಂಡ ನೈಜೀರಿಯಾದ ಆಟಗಾರನನ್ನು ಮ್ಯಾನೇಜರ್ ಮಜೀದ್ ತನ್ನ ಮನೆಗೆ ಕರೆತರುತ್ತಾನೆ. ಅವನ ತಾಯಿಯೂ ನೆರೆಮನೆಯ ಅಜ್ಜಿಯೂ ಭಾಷೆ ಬಾರದ ಆ ಹುಡುಗನನ್ನು ಆರೈಕೆ ಮಾಡುತ್ತಾರೆ. ಇಷ್ಟೆಲ್ಲ ಸತ್ಕಾರದ ಮನೆಯಲ್ಲಿ ಮಜೀದ್ ತನ್ನ ಮಲತಂದೆಯೊಂದಿಗೆ ಮಾತು ಬಿಟ್ಟಿದ್ದಾನೆ! ಅಲ್ಲಿ ಯಾರೂ ತಾವು ಒಳ್ಳೆಯ ಮುಸ್ಲಿಮರೆಂದು ಸಾಬೀತು ಮಾಡುತ್ತಿಲ್ಲ, ಯಾಕೆಂದರೆ ಅವರನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸಿಲ್ಲ. ಅದೇ ನಿರ್ದೇಶಕರ 'ಹಲಾಲ್ ಲವ್ ಸ್ಟೋರಿ' (2020) ಇನ್ನೂ ಒಂದು ಹೆಜ್ಜೆ ಮುಂದೆ. ಇಸ್ಲಾಮೀ ಸಂಘಟನೆಯವರು ಧರ್ಮದ ಚೌಕಟ್ಟಿನೊಳಗೇ ಸಿನೆಮಾ ಮಾಡಲು ಹೊರಟು, ಗಂಡ-ಹೆಂಡತಿಯ ಪಾತ್ರಕ್ಕೆ ನಿಜವಾದ ದಂಪತಿಯನ್ನೇ ಹುಡುಕುತ್ತಾರೆ. ಕ್ಯಾಮೆರಾದ ಮುಂದೆ ಆ ಹೆಂಡತಿಯ ನಿಜವಾದ ದೂರುಗಳೆಲ್ಲ ಹೊರಬರತೊಡಗುತ್ತವೆ. ನಮ್ಮನ್ನು ನೋಡಿ ನಾವೇ ನಗಬಲ್ಲೆವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕನ್ನಡದಲ್ಲಿ ಇಂತಹದ್ದು ಯಾಕೆ ಸಾಧ್ಯವಾಗಿಲ್ಲ? ಹಣ ಹಾಕುವ ನಮ್ಮ ಉದ್ಯಮಿಗಳಿಗೆ ಕೊರತೆಯೇ, ಕಥೆಗಳಿಗೆ ಕೊರತೆಯೇ?

2023ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಅವರ ಓದುಗರೇ ಹಣ ಕೂಡಿಸಿ 'ಡೇರ್‌ಡೆವಿಲ್ ಮುಸ್ತಾಫಾ' ಮಾಡಿದಾಗ ಬಹಳ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಶಶಾಂಕ್ ಸೋಗಾಲ್ ಅವರ ಮೊದಲ ಚಿತ್ರ. ಮುಸ್ಲಿಮ್ ಸಹಪಾಠಿಯನ್ನೇ ಕಂಡಿರದ ಅಬಚೂರಿನ ಕಾಲೇಜು ಹುಡುಗರ ಭಯ ದ್ವೇಷದಿಂದಲ್ಲ, ಅಪರಿಚಯದಿಂದ ಹುಟ್ಟುತ್ತದೆ ಎಂಬುದನ್ನು ತೇಜಸ್ವಿಯವರ ತುಂಟತನದಲ್ಲೇ ಚಿತ್ರ ಹೇಳುತ್ತದೆ. ಒಂದು ಅನುಮಾನ ಮಾತ್ರ ಉಳಿಯಿತು. ಮುಸ್ತಾಫಾ ಸಾಹಸಿ, ಆದ್ದರಿಂದ ಗೆದ್ದ. ಚೆಂಡು ಹಿಡಿಯಲಾರದ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹುಡುಗನಾಗಿದ್ದರೆ?

ಆ ಸುಮ್ಮನಿರುವ ಹುಡುಗನನ್ನು ನಾನು ಕಂಡದ್ದು ನೀರಜ್ ಘೇವಾನ್ ಅವರ 'ಹೋಮ್‌ಬೌಂಡ್' (2025) ಎಂಬ ಹಿಂದಿ ಚಿತ್ರದಲ್ಲಿ. ಶೋಯೆಬ್ ಮತ್ತು ಅವನ ದಲಿತ ಗೆಳೆಯ ಚಂದನ್ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆ ಬರೆಯುತ್ತಾರೆ. ಸಮವಸ್ತ್ರ ಹಾಕಿದರೆ ಹೆಸರು ಕೇಳುವವರಿರುವುದಿಲ್ಲ ಎಂಬ ಆಸೆ. ಒಂದು ಕಚೇರಿಯಲ್ಲಿ ಸಣ್ಣ ಕೆಲಸಕ್ಕೆ ಸೇರಿದ ಶೋಯೆಬ್, ಭಾರತ-ಪಾಕಿಸ್ತಾನ ಕ್ರಿಕೆಟ್ ನಡೆಯುವ ರಾತ್ರಿಯ ಔತಣದಲ್ಲಿ ಮೇಲಧಿಕಾರಿಗಳ ತಮಾಷೆಗೆ ಗುರಿಯಾಗುತ್ತಾನೆ. ಯಾರೂ ಅವನಿಗೆ ಹೊಡೆಯುವುದಿಲ್ಲ, ನಗುತ್ತಾರೆ ಅಷ್ಟೇ. ಇಶಾನ್ ಖಟ್ಟರ್ ಆ ದೃಶ್ಯದಲ್ಲಿ ಮಾಡುವುದು ಬಹಳ ಕಡಿಮೆ, ಮುಖದ ಮೇಲಿದ್ದ ನಗುವನ್ನು ತಕ್ಷಣ ತೆಗೆಯಲು ಹೋಗುವುದಿಲ್ಲ. ಸಾಹನಿಯವರ ನಂತರ ಹಿಂದಿ ತೆರೆಯ ಮೇಲೆ ಆ ದಣಿವನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಚಿತ್ರ ಮುಂದೆ ಲಾಕ್‌ಡೌನಿನ ಹೆದ್ದಾರಿಗೆ ಹೋಗುತ್ತದೆ. ಆ ಭಾಗವನ್ನು ಎಲ್ಲರೂ ಹೊಗಳಿದ್ದಾರೆ, ಸರಿಯಾಗಿಯೇ. ನಾನು ಎರಡನೇ ಸಲ ನೋಡಿದ್ದು ಮಾತ್ರ ಆ ಔತಣಕ್ಕಾಗಿ.